ಒಲೆಯ ಮೂರನೇ ಕಲ್ಲು

"ಲೇ ನೀರಕ್ಕ, ಕೈಗೇನು ಲಕ್ವ ಹೊಡೆದಿದೆಯೇನೇ? ಮೇಲೆ ಮೋಡ ನೋಡು. ನಿನ್ನ ಗಂಡ ಬಂದು ಹಿಡ್ಕೋತಾನಾ ಅದನ್ನ?"

ಕಂಟ್ರಾಕ್ಟರ್ ಧಣಿ ಛತ್ರಿಯ ಕೆಳಗೆ ನಿಂತು ಅರಚುತ್ತಿದ್ದ. ಮಳೆ ಇನ್ನೂ ಬಂದಿರಲಿಲ್ಲ, ಅವನ ಛತ್ರಿ ಮಾತ್ರ ಆಗಲೇ ಬಿಚ್ಚಿಕೊಂಡಿತ್ತು. ನನ್ನ ಗಂಡ ಸತ್ತು ಆರು ವರ್ಷವಾಗಿದೆ ಎಂದು ಅವನಿಗೂ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕಾಂಕ್ರೀಟು ಕಲಸುತ್ತಲೇ ಇದ್ದೆ. ಬಡವನ ಕೋಪ ದವಡೆಗೆ ಮೂಲ ಅಂತಾರೆ. ಬಡವಿಯ ಕೋಪವಾದರೆ ದವಡೆಯ ಜೊತೆ ನಾಳೆಯ ಕೂಲಿಯೂ ಹೋಗುತ್ತದೆ.

ಆವತ್ತು ಆಸ್ಪತ್ರೆಯ ದೊಡ್ಡ ಹಾಲಿಗೆ ಸ್ಲ್ಯಾಬು ಹಾಕುವ ದಿನ. ಬೆಳಕು ಹರಿಯುವ ಮುಂಚಿನಿಂದ ಮಿಕ್ಸರು ತಿರುಗುತ್ತಿತ್ತು. ನಲವತ್ತು ಜನ ಏಣಿಯುದ್ದಕ್ಕೂ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ನಾನೊಬ್ಬಳು ಮಾತ್ರ ಗೋಡೌನಿನ ಹಿಂದೆ, ನನ್ನದೇ ಒಂದು ಸಣ್ಣ ಗುಡ್ಡೆ ಕಲಸಿಕೊಂಡು ಕೂತಿದ್ದೆ.

ನನ್ನ ನಿಜವಾದ ಕೆಲಸ ನೀರು ಕಟ್ಟುವುದು. ಸ್ಲ್ಯಾಬು ಹಾಕಿದ ಮರುದಿನ ಅದರ ಮೇಲೆ ಗಾರೆಯ ಸಣ್ಣ ಸಣ್ಣ ಬದು ಮಾಡಿ, ನೀರು ನಿಲ್ಲಿಸಿ, ಬೆಳಿಗ್ಗೆ ಸಂಜೆ ಒಣಗದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ನಾನು ನೀರಕ್ಕ. ಆದರೆ ಸ್ಲ್ಯಾಬಿನ ದಿನ ನನಗೆ ಇನ್ನೊಂದು ಕೆಲಸವಿತ್ತು. ಅದು ಕ್ಯೂಬು ತುಂಬುವುದು.

ನಿಯಮ ಹೀಗಿದೆ. ಸ್ಲ್ಯಾಬಿಗೆ ಹೋಗುವ ಕಾಂಕ್ರೀಟಿನಲ್ಲೇ ಒಂದಿಷ್ಟು ತೆಗೆದು ಆರು ಕಬ್ಬಿಣದ ಅಚ್ಚುಗಳಿಗೆ ತುಂಬಬೇಕು. ಮರುದಿನ ಅಚ್ಚು ಬಿಚ್ಚಿ ಕಲ್ಲುಗಳನ್ನು ನೀರಿನ ತೊಟ್ಟಿಯಲ್ಲಿಡಬೇಕು. ಏಳನೇ ದಿನ ಮೂರು, ಇಪ್ಪತ್ತೆಂಟನೇ ದಿನ ಮೂರು ಲ್ಯಾಬಿಗೆ ಹೋಗುತ್ತವೆ. ಅಲ್ಲಿ ಮೆಷಿನ್ನಿಗೆ ಕೊಟ್ಟು ಒಡೆಯುತ್ತಾರೆ. ಕ್ಯೂಬು ಎಷ್ಟು ಭಾರ ತಾಳಿತೋ ಸ್ಲ್ಯಾಬೂ ಅಷ್ಟೇ ಗಟ್ಟಿ ಎಂದು ಬರೆದುಕೊಡುತ್ತಾರೆ.

ನಮ್ಮ ಸೈಟಿನಲ್ಲಿ ನಿಯಮ ಸ್ವಲ್ಪ ಬೇರೆ ಇತ್ತು. ಗೋಡೌನಿನ ಮುಂದಿನ ಸಾಲಿನಲ್ಲಿ ಒಳ್ಳೆಯ ಸಿಮೆಂಟಿನ ಹೊಸ ಮೂಟೆಗಳು. ನೋಡಲು ಬಂದ ಅಧಿಕಾರಿಗಳು ಅವನ್ನೇ ನೋಡಿ, ಫೋಟೋ ಹೊಡೆದುಕೊಂಡು, ಟೀ ಕುಡಿದು ಹೋಗುತ್ತಿದ್ದರು. ಹಿಂದಿನ ಸಾಲುಗಳಲ್ಲಿ, ಸೈಟಿಗೆ ಮಾಲು ಕೊಳ್ಳುವ ಪರ್ಚೇಸ್ ಸಾಹೇಬ ಎಲ್ಲಿಂದಲೋ ಹಿಡಿದು ತಂದ ಮೂಟೆಗಳಿದ್ದವು. ಥಂಡಿ ಹೊಡೆದು ಒಳಗೇ ಕಲ್ಲಾದ ಸಿಮೆಂಟು. ಅದನ್ನು ಹೆಂಗಸರು ದೊಣ್ಣೆಯಲ್ಲಿ ಬಡಿದು, ಜರಡಿ ಹಿಡಿದು, ಮಿಕ್ಸರಿಗೆ ಸುರಿಯುತ್ತಿದ್ದರು. ಹೊರಗೆ ಥಳುಕು, ಒಳಗೆ ಹುಳುಕು. ಸ್ಲ್ಯಾಬು ತಿನ್ನುತ್ತಿದ್ದುದು ಹಿಂದಿನ ಸಾಲನ್ನು. ನನ್ನ ಆರು ಕ್ಯೂಬುಗಳು ಮಾತ್ರ ಮುಂದಿನ ಸಾಲಿನ ಸಿಮೆಂಟನ್ನು ತಿಂದು ಬೆಳೆಯುತ್ತಿದ್ದವು.

ಸುಳ್ಳು ಯಾಕೆ ಹೇಳಲಿ, ನನಗೆ ಆ ಕ್ಯೂಬುಗಳ ಮೇಲೆ ಹೆಮ್ಮೆ ಇತ್ತು. ಎರಡು ವರ್ಷದಲ್ಲಿ ನನ್ನದೊಂದೂ ಫೇಲಾಗಿರಲಿಲ್ಲ. ಸರಳು ಹಿಡಿದು ಒಂದೊಂದು ಪದರಕ್ಕೂ ಮೂವತ್ತೈದು ಸಲ ಕುಟ್ಟಿ, ಕರಣೆಯಲ್ಲಿ ಮೇಲ್ಮೈ ಸವರಿ, ಕನ್ನಡಿ ಮಾಡಿ ಕೊಡುತ್ತಿದ್ದೆ. ಲ್ಯಾಬಿನವರು "ಯಾರಪ್ಪಾ ತುಂಬಿದ್ದು ಇದನ್ನ" ಎಂದು ಕೇಳಿದ್ದರಂತೆ. ನನ್ನ ಕೈ ಮಾಡಿದ್ದನ್ನು ನೋಡಿ ಈ ಜನ್ಮದಲ್ಲಿ ಬೇರೆ ಯಾರೂ ಹಾಗೆ ಕೇಳಿರಲಿಲ್ಲ. ಅದಕ್ಕೇ ರಿಜಿಸ್ಟರಿನಲ್ಲಿ ಮಾದರಿ ತುಂಬಿದವರು ಎಂಬ ಕಡೆ ಇಂಜಿನಿಯರು ಹೆಬ್ಬೆಟ್ಟು ಒತ್ತು ಎಂದಾಗಲೂ ಖುಷಿಯಿಂದಲೇ ಒತ್ತಿದ್ದೆ.

ಆವತ್ತು ಒಂದು ಏಳನೇ ಅಚ್ಚನ್ನೂ ತುಂಬಿದೆ. ನಮ್ಮ ತಗಡಿನ ಶೆಡ್ಡುಗಳಲ್ಲಿ ಎಲ್ಲರ ಒಲೆಯೂ ಕ್ಯೂಬಿನದೇ. ಲ್ಯಾಬಿಗೆ ಹೋಗದೆ ಮಿಕ್ಕಿದ ಮೂರು ಕ್ಯೂಬು ಸಿಕ್ಕರೆ ಸಾಕು, ಅಡುಗೆಮನೆ ಆದ ಹಾಗೆ. ನನ್ನ ಒಲೆಯ ಒಂದು ಕಲ್ಲು ಹಿಂದಿನ ವಾರ ಯಾರದೋ ಗುದ್ದಲಿ ಬಿದ್ದು ಎರಡು ಹೋಳಾಗಿತ್ತು, ಪಾತ್ರೆ ಒಂದು ಕಡೆ ವಾಲುತ್ತಿತ್ತು. ಮುಂದಿನ ಸಾಲಿನ ಸಿಮೆಂಟನ್ನು ಪರ್ಚೇಸ್ ಸಾಹೇಬ ಆರೇ ಕ್ಯೂಬಿಗೆ ಅಳೆದು ಕೊಟ್ಟಿದ್ದ. ಹಾಗಾಗಿ ಏಣಿಯ ಹತ್ತಿರ ಹೋಗಿ, ಸ್ಲ್ಯಾಬಿಗೆ ಹೋಗುತ್ತಿದ್ದ ಮಾಲಿನಲ್ಲೇ ಒಂದು ಬಾಂಡ್ಲಿ ಇಳಿಸಿಕೊಂಡು, ಮೂಲೆಯಲ್ಲಿ ಬಿದ್ದಿದ್ದ ಸೊಟ್ಟ ಅಚ್ಚಿಗೆ ತುಂಬಿದೆ. ಅದಕ್ಕೂ ಮೂವತ್ತೈದು ಸಲವೇ ಕುಟ್ಟಿದೆ. ಒಲೆಯ ಕಲ್ಲೆಂದು ಕೈಗೆ ಸೋಮಾರಿತನ ಬರಲಿಲ್ಲ.

ಮೂರು ಗಂಟೆಗೆ ಮಳೆ ಸುರಿಯಿತು. ಹಾಸಿದ ಪ್ಲಾಸ್ಟಿಕ್ಕಿನ ಅಡಿಯಿಂದ ಸಿಮೆಂಟಿನ ಹಾಲು ಹರಿದು ಗೋಡೆಯುದ್ದಕ್ಕೂ ಇಳಿಯಿತು. "ನಿಲ್ಲಿಸ್ಬೇಡ್ರೋ, ಹಾಕ್ತಾ ಇರಿ!" ಎಂದು ಧಣಿ ಛತ್ರಿಯೊಳಗಿಂದ ಕೂಗುತ್ತಲೇ ಇದ್ದ.

ಏಳನೇ ದಿನ ನಾನು ಸೈಟ್ ಆಫೀಸು ಒರೆಸುತ್ತಿದ್ದೆ. ಅಲ್ಲಿಯ ಗೋಡೆಯ ಮೇಲೆ ಒಂದು ದೊಡ್ಡ ಚಾರ್ಟಿದೆ. ಪಾಯಕ್ಕೆ ಹಳದಿ ಪಟ್ಟಿ, ಗೋಡೆಗೆ ಹಸಿರು, ಸ್ಲ್ಯಾಬಿಗೆ ಕೆಂಪು. ಕೊನೆಯಲ್ಲಿ ಬಂಗಾರದ ಕಾಗದದ ಒಂದು ನಕ್ಷತ್ರ ಅಂಟಿಸಿದ್ದರು. ಅದು ಮಂತ್ರಿಗಳು ಬಂದು ಟೇಪು ಕತ್ತರಿಸುವ ದಿನ. ಮಳೆ ಒಂಬತ್ತು ದಿನ ತಿಂದಿತ್ತು. ಸಿಮೆಂಟು ಹನ್ನೊಂದು ದಿನ ತಡವಾಗಿತ್ತು, ಏಕೆಂದರೆ ಪರ್ಚೇಸ್ ಸಾಹೇಬ ಮೂರು ಕೊಟೇಶನ್ನು ಮುಂದಿಟ್ಟುಕೊಂಡು, ತನ್ನನ್ನು ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಕಾಯುತ್ತಿದ್ದ. ಚಾರ್ಟಿನಲ್ಲಿ ಮಳೆಗೂ ಬಣ್ಣವಿರಲಿಲ್ಲ, ಸಾಹೇಬನ ಕಾಯುವಿಕೆಗೂ ಇರಲಿಲ್ಲ. ನಕ್ಷತ್ರವಂತೂ ಅಲ್ಲಾಡುವುದಿಲ್ಲ. ಹಾಗಾಗಿ ಇಂಜಿನಿಯರು ಕತ್ತರಿ ಹಿಡಿದು ಪಟ್ಟಿಗಳನ್ನೇ ಗಿಡ್ಡ ಮಾಡುತ್ತಿದ್ದ. ಆವತ್ತು ಅವನ ಕೈಯಲ್ಲಿದ್ದದ್ದು ಕೆಂಪು ಪಟ್ಟಿ.

ಇಂಜಿನಿಯರು ಕೆಟ್ಟವನಲ್ಲ. ನನ್ನ ತಮ್ಮನ ವಯಸ್ಸಿನವನು, ಮನೆಯಲ್ಲಿ ಎಳೆ ಕೂಸಿದೆ. ನನಗೆ ತಲೆನೋವೆಂದರೆ ತನ್ನ ಡ್ರಾಯರಿನಿಂದ ಮಾತ್ರೆ ತೆಗೆದು ಕೊಡುತ್ತಾನೆ. ಆವತ್ತು ನನ್ನನ್ನು ನೋಡಿ ನಕ್ಕ.

"ನೀರಕ್ಕ, ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣೆ. ರಿಪೋರ್ಟ್ ಬಂತು. ಇಪ್ಪತ್ತೆಂಟು ದಿನಕ್ಕೆ ಬರಬೇಕಾದ ಬಲ ಏಳೇ ದಿನಕ್ಕೆ ಬಂದಿದೆ. ನಾಳೆ ಜಾಕಿ ಬಿಚ್ಚೋಕೆ ಪರ್ಮಿಷನ್ನೂ ಸಿಕ್ತು."

ಜಾಕಿ ಎಂದರೆ ಸ್ಲ್ಯಾಬು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಕಬ್ಬಿಣದ ಕಂಬಗಳು. ಆ ಹಾಲಿನಡಿ ಇನ್ನೂರಕ್ಕೂ ಹೆಚ್ಚಿದ್ದವು.

"ನಾಳೆನಾ ಸಾರ್? ಇಷ್ಟಗಲದ ಹಾಲಿಗೆ ಇಪ್ಪತ್ತೊಂದು ದಿನ ಅಂತಿದ್ರಿ?"

"ಅದು ಕ್ಯೂಬು ಬಲ ತೋರಿಸದಿದ್ರೆ. ಇಲ್ಲಿ ತೋರಿಸಿದೆಯಲ್ಲ." ಅವನು ಕೆಂಪು ಪಟ್ಟಿಯನ್ನು ಕತ್ತರಿಸಿದ. ತುಂಡು ನಾನು ಒರೆಸಿದ ನೆಲದ ಮೇಲೆ ಬಿತ್ತು.

ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ನಿಂತಿತು. ಎರಡು ವರ್ಷ ನಾನು ತಿಳಿದಿದ್ದು ಇಷ್ಟೇ. ಈ ಕ್ಯೂಬು ಯಾವುದೋ ಕಾಗದದ ಹೊಟ್ಟೆ ತುಂಬಿಸಲಿಕ್ಕೆ, ಕಾಗದ ತಿಂದು ಸುಮ್ಮನಾಗುತ್ತದೆ. ಜಾಕಿಗಳು ತಮ್ಮ ದಿನ ತುಂಬುವ ತನಕ ನಿಂತೇ ಇರುತ್ತಿದ್ದವು, ಸ್ಲ್ಯಾಬು ಹೇಗೋ ಬಿಗಿದುಕೊಳ್ಳುತ್ತಿತ್ತು. ಆ ಕಾಗದ ಒಂದು ದಿನ ತಿರುಗಿ ನಮಗೇ ಹುಕುಂ ಮಾಡುತ್ತದೆ ಎಂದು ನನ್ನ ಮೊದ್ದು ತಲೆಗೆ ಹೊಳೆದಿರಲಿಲ್ಲ. ಜಾಕಿ ಬಿಚ್ಚುವ ಸೆಂಟ್ರಿಂಗ್ ಮೇಸ್ತ್ರಿ ನನ್ನ ತಮ್ಮ.

ಅಮ್ಮ ಸತ್ತಾಗ ಅವನಿಗೆ ಮೂರು ವರ್ಷ. ಸೊಂಟದ ಮೇಲೆ ಅವನನ್ನು, ತಲೆಯ ಮೇಲೆ ಇಟ್ಟಿಗೆಯನ್ನು ಹೊತ್ತು ಬೆಳೆಸಿದವಳು ನಾನು. ಈಗ ಅವನ ಕೈಕೆಳಗೆ ಎಂಟು ಜನ. ಬಿಚ್ಚುವ ದಿನ ಅವನದೊಂದು ಕ್ರಮವಿದೆ. ಎಂಟೂ ಜನರನ್ನು ಹೊರಗೆ ನಿಲ್ಲಿಸಿ, ತಾನೊಬ್ಬನೇ ಒಳಗೆ ಹೋಗಿ, ನಟ್ಟನಡುವಿನ ಮೊದಲ ಜಾಕಿಗೆ ತಾನೇ ಸುತ್ತಿಗೆ ಹೊಡೆಯುತ್ತಾನೆ. ಸ್ಲ್ಯಾಬು ಸದ್ದು ಮಾಡದಿದ್ದರೆ ಮಾತ್ರ ಮಿಕ್ಕವರನ್ನು ಕರೆಯುತ್ತಾನೆ.

ಸಂಜೆ ನೀರಿನ ತೊಟ್ಟಿಯಿಂದ ಏಳನೇ ಕ್ಯೂಬನ್ನು ತೆಗೆದೆ. ಬೆರಳ ಗೆಣ್ಣಿನಿಂದ ತಟ್ಟಿದೆ. ನನ್ನ ಲ್ಯಾಬಿನ ಕ್ಯೂಬುಗಳು ಠಣ್ ಎನ್ನುತ್ತವೆ. ಇದು ಹಸಿ ಮಡಕೆಯ ಹಾಗೆ ದಬ್ ಎಂದಿತು. ಅಂಚನ್ನು ಉಗುರಿನಿಂದ ಕೆರೆದರೆ ಪುಡಿ ಬಂತು. ಸಮಾಧಾನವಾಗದೆ ಶೆಡ್ಡಿಗೆ ಒಯ್ದು ಒಲೆಯ ಮೂರನೇ ಕಲ್ಲಾಗಿ ಇಟ್ಟು, ಮೇಲೆ ತುಂಬಿದ ನೀರಿನ ಪಾತ್ರೆ ಇಟ್ಟೆ. ಬೆಂಕಿ ಇನ್ನೂ ಹಚ್ಚಿರಲಿಲ್ಲ. ಕಲ್ಲಿನ ಮೂಲೆ ಕುಸಿದು ಪಾತ್ರೆ ಮಗುಚಿತು, ಒಂದು ಜಲ್ಲಿಕಲ್ಲು ಉರುಳಿ ತಮ್ಮನ ಕಾಲಿನ ಹತ್ತಿರ ನಿಂತಿತು.

ಊಟಕ್ಕೆ ಕಾಯುತ್ತಾ ಕೂತಿದ್ದ ತಮ್ಮ ನಕ್ಕ. "ಏನಕ್ಕಾ, ಊರಿಗೆಲ್ಲ ಕ್ಯೂಬು ಮಾಡ್ತೀಯ, ಮನೇಲಿ ಒಲೆ ನಿಲ್ಸೋಕೆ ಬರಲ್ವಾ? ನಾಳೆ ಬೇಗ ಎಬ್ಬಿಸು. ಹಾಲಿಂದು ಬಿಚ್ಬೇಕು. ರಿಪೋರ್ಟು ಭಾರಿ ಚೆನ್ನಾಗಿದೆಯಂತೆ."

ನಾನು ಅವನ ಎದುರು ಕೂತು ಎಲ್ಲವನ್ನೂ ಹೇಳಿದೆ. ಮುಂದಿನ ಸಾಲು, ಹಿಂದಿನ ಸಾಲು, ನನ್ನ ಗುಡ್ಡೆ, ನನ್ನ ಹೆಬ್ಬೆಟ್ಟು.

ಅವನು ಆ ಜಲ್ಲಿಕಲ್ಲನ್ನು ಕಾಲ್ಬೆರಳಿನಲ್ಲಿ ಹೊರಳಿಸಿದ. "ಎಷ್ಟು ದಿನದಿಂದ ನಡೀತಿದೆ ಇದು?"

"ಎರಡು ವರ್ಷದಿಂದ."

"ಅಂದ್ರೆ ನಾನು ಹೋಗಿ ತಲೆ ಒಡ್ಡಿದ ಸ್ಲ್ಯಾಬೆಲ್ಲ ಹಿಂಗೇನಾ?"

"ಆಗ ದಿನ ತುಂಬ್ತಿತ್ತಲ್ಲೋ. ನಾನು ಏನೂ ಆಗಲ್ಲ ಅನ್ಕೊಂಡೆ..."

"ಬೇರೆ ಯಾವನಾದ್ರೂ ಬೋಳಿಮಗ ಮಾಡಿದ್ರೆ ಕಪಾಳಕ್ಕೆ ಬಿಡ್ತಿದ್ದೆ." ಅವನು ಜಲ್ಲಿಕಲ್ಲನ್ನು ಆಚೆ ಒದ್ದ. "ನಿಂಗೇನು ಮಾಡ್ಲಿ ಹೇಳು?"

ಅವನು ಉಣ್ಣದೆ ಎದ್ದುಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ನನಗೆ ನಾಚಿಕೆಯಾಯಿತು. ಧಣಿ ಬೈದಾಗ ಆಗುವ ನಾಚಿಕೆ ಸೀರೆ ಕೊಡವಿದರೆ ಹೋಗುತ್ತದೆ. ಇದು ಹಾಗೆ ಹೋಗುವುದಾಗಿರಲಿಲ್ಲ.

ಬೆಳಿಗ್ಗೆ ಕುಸಿದ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಫೀಸಿಗೆ ಹೋದೆ. ಇಂಜಿನಿಯರ ಜೊತೆ ಧಣಿಯೂ ಪರ್ಚೇಸ್ ಸಾಹೇಬನೂ ಇದ್ದರು. ಕಲ್ಲನ್ನು ಮೇಜಿನ ಮೇಲೆ ಇಡಲು ಧೈರ್ಯ ಬರದೆ ನೆಲದ ಮೇಲಿಟ್ಟೆ.

"ಸಾರ್, ಇದು ಹಾಲಿನ ಸ್ಲ್ಯಾಬಿಗೆ ಹೋದ ಮಾಲು. ಅದೇ ದಿನ, ಅದೇ ಬಾಂಡ್ಲಿ. ಉಗುರಲ್ಲಿ ಉದುರ್ತಾ ಇದೆ. ಇವತ್ತು ಬಿಚ್ಚಬೇಡಿ ಸಾರ್."

ಪರ್ಚೇಸ್ ಸಾಹೇಬ ಬೂಟಿನ ತುದಿಯಿಂದ ಅದನ್ನು ತಳ್ಳಿದ. "ಒಲೆಕಲ್ಲು ತಂದು ಟೆಸ್ಟ್ ರಿಪೋರ್ಟು ಅಂತಿದ್ದಾಳಲ್ಲ ಇವಳು! ನಾಳೆ ರುಬ್ಬೋ ಗುಂಡೂ ತರ್ತಾಳೆ." ತನ್ನ ಮಾತಿಗೆ ಅವನಿಗೇ ನಗು ಬಂತು.

ಧಣಿ ನಗಲಿಲ್ಲ. ರಿಜಿಸ್ಟರು ತೆರೆದು ನನ್ನ ಮುಖಕ್ಕೆ ಹಿಡಿದ. "ಇದ್ಯಾರದ್ದೇ ಹೆಬ್ಬೆಟ್ಟು, ಲೌಡಿ? ಎರಡು ವರ್ಷದ್ದು ಸಾಲಾಗಿದೆ ನೋಡು. ಮೋಸದ ಕ್ಯೂಬು ತುಂಬಿದ್ದು ಯಾರು ಅಂತ ಪೊಲೀಸ್ರು ಕೇಳಿದ್ರೆ ನಾನು ಯಾರನ್ನ ತೋರಿಸ್ಬೇಕು? ಜೈಲಲ್ಲಿ ನೀರು ಕಟ್ತೀಯಾ? ಬಾಯಿ ಮುಚ್ಕೊಂಡು ನೆಲ ಒರೆಸು."

ನಾನು ಇಂಜಿನಿಯರನ್ನು ನೋಡಿದೆ. ನನ್ನ ಗುಡ್ಡೆಗೆ ಎಷ್ಟು ಸಿಮೆಂಟು ಬೆರೆಸಬೇಕೆಂದು ಹೇಳಿಕೊಟ್ಟವನು ಅವನೇ. ಅವನು ಕುರ್ಚಿಯಿಂದ ಎದ್ದು ಚಾರ್ಟಿನ ಮುಂದೆ ಹೋಗಿ, ನಮಗೆ ಬೆನ್ನು ಮಾಡಿ ನಿಂತ.

"ಸಾರ್, ನಿಮಗೆ ಗೊತ್ತಲ್ವಾ."

"ನಾನು ಸೈನ್ ಹಾಕ್ಲಿಲ್ಲ ಅಂದ್ರೆ ಇನ್ನೊಬ್ಬ ಹಾಕ್ತಾನೆ, ನೀರಕ್ಕ." ಚಾರ್ಟಿಗೇ ಹೇಳಿದ ಹಾಗೆ ಹೇಳಿದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ. ಇವನು ಎತ್ತು ಈಯುವುದಿಲ್ಲ ಎಂದು ಓದಿ ಪಾಸಾದವನು. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಧಣಿಯ ಮೇಲೂ ಬರಲಿಲ್ಲ.

ಅವನ ಕುರ್ಚಿ ಖಾಲಿ ಇತ್ತು. ಕಲ್ಲನ್ನು ಮತ್ತೆ ಸೆರಗಿಗೆ ಕಟ್ಟಿ, ಕುರ್ಚಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡೆ. ನೆಲ ಒರೆಸಲು ಸರಿಸುತ್ತಿದ್ದೇನೆ ಎಂದುಕೊಂಡು ಧಣಿ ಕಾಲು ಪಕ್ಕಕ್ಕೆ ಎಳೆದುಕೊಂಡ. ನಾನು ಬಾಗಿಲು ದಾಟಿ, ಅಂಗಳ ದಾಟಿ, ಜಾಕಿಗಳ ನಡುವೆ ನುಸುಳಿ, ಹಾಲಿನ ನಟ್ಟನಡುವೆ ಅದನ್ನು ಇಳಿಸಿದೆ. ತಲೆಯ ಮೇಲೆ ಸ್ಲ್ಯಾಬು ಒಸರುತ್ತಿತ್ತು. ಗಟ್ಟಿ ಸ್ಲ್ಯಾಬಾದರೆ ನಾನು ಕಟ್ಟಿದ ನೀರು ಮೇಲೆಯೇ ನಿಲ್ಲಬೇಕು. ಇಲ್ಲಿ ಸ್ಲ್ಯಾಬಿಗೆ ಕೆಳಗಿನಿಂದ ಕೊಟ್ಟ ತಗಡಿನ ಸಂದಿಯಿಂದ ಹನಿ ಹನಿಯಾಗಿ ಇಳಿದು ಕುರ್ಚಿಯ ಮೇಲೆ ಬೀಳುತ್ತಿತ್ತು.

ಸೆಂಟ್ರಿಂಗಿನ ಎಂಟು ಜನ, ಮಿಕ್ಸರಿನವರು, ಹೆಂಗಸರು ಎಲ್ಲರೂ ಹೊರಗೆ ಸೇರಿದ್ದರು. ಧಣಿ ಓಡಿಬಂದ.

"ಏನೇ ನಾಟಕ ಇದು?"

"ನಾಟಕ ಅಲ್ಲ ಧಣಿ. ರಿಪೋರ್ಟು ಚೆನ್ನಾಗಿದೆಯಲ್ಲ, ಸಾಹೇಬ್ರು ಬಂದು ಇಲ್ಲಿ ಕೂತ್ಕೊಳ್ಲಿ. ನನ್ನ ತಮ್ಮ ಮೊದಲನೇ ಜಾಕಿ ಹೊಡೀತಾನೆ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಕೇಳ್ರಪ್ಪಾ ಎಲ್ಲಾರೂ. ಲ್ಯಾಬಿಗೆ ಹೋದ ಕ್ಯೂಬು ಈ ಸ್ಲ್ಯಾಬಿಂದಲ್ಲ. ಮುಂದಿನ ಸಾಲಿನ ಸಿಮೆಂಟು ಹಾಕಿ ನಾನೇ ಬೇರೆ ತುಂಬಿದ್ದು. ಹೆಬ್ಬೆಟ್ಟೂ ನಂದೇ. ಜೈಲಿಗೆ ಹಾಕ್ಸೋದಾದ್ರೆ ಹಾಕ್ಸಿ. ಸ್ಲ್ಯಾಬಿನ ಮಾಲು ಇಲ್ಲಿದೆ, ನೋಡ್ಕೊಳ್ಳಿ."

ಕಲ್ಲು ಕೈಯಿಂದ ಕೈಗೆ ಹೋಯಿತು. ಬಾಂಡ್ಲಿ ಸಾಗಿಸಿದ ಅವೇ ಕೈಗಳು. ಪ್ರತಿಯೊಬ್ಬರೂ ಉಗುರಿನಿಂದ ಕೆರೆದು ಮುಂದಕ್ಕೆ ಕೊಟ್ಟರು.

ತಮ್ಮ ಸುತ್ತಿಗೆ ಹಿಡಿದು ಒಳಗೆ ಬಂದ. ನನ್ನ ಕಡೆ ನೋಡಲಿಲ್ಲ. ಕುರ್ಚಿಯ ಪಕ್ಕದ ಜಾಕಿಗೆ ಒರಗಿ ನಿಂತ. "ಸರಿಯಾಗೇ ಹೇಳಿದ್ದಾಳೆ. ಸಾಹೇಬ್ರು ಕೂತ್ರೆ ಹೊಡೀತೀನಿ. ಇಲ್ಲಾಂದ್ರೆ ಇಪ್ಪತ್ತೊಂದು ದಿನ ತುಂಬೋವರೆಗೂ ಮುಟ್ಟಲ್ಲ."

"ಹೋಗ್ರೀ ಇಂಜಿನಿಯರ್ರೇ," ಎಂದ ಧಣಿ. "ಈ ಸೂಳೆಮಕ್ಕಳಿಗೆ ಕೂತು ತೋರ್ಸಿ ಬನ್ನಿ. ನಿಮ್ಮ ಸೈನ್ ತಾನೆ?"

ಇಂಜಿನಿಯರು ಬಂದ. ಸ್ಲ್ಯಾಬಿನ ನೆರಳು ಅಂಗಳದ ಮೇಲೆ ಗೆರೆ ಎಳೆದಿತ್ತು. ಅದರ ಅಂಚಿಗೆ ಬಂದು ಒಂದು ಕಾಲು ಒಳಗಿಟ್ಟ. ಮೇಲೆ ನೋಡಿದ. ತಮ್ಮ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ, ಅಷ್ಟೇ.

"ಹೆಲ್ಮೆಟ್ ತಗೊಂಡು ಬರ್ತೀನಿ," ಎಂದು ಇಂಜಿನಿಯರು ತಿರುಗಿ ಹೋದ. ಹೆಲ್ಮೆಟ್ಟು ಅವನ ತಲೆಯ ಮೇಲೆಯೇ ಇತ್ತು.

ಯಾರೋ ಕಿಸಕ್ಕೆಂದರು. ಆಮೇಲೆ ನಲವತ್ತು ಜನ ನಕ್ಕರು. ನನಗೆ ನಗು ಬರಲಿಲ್ಲ. ಎಂಟು ದಿನದ ಸ್ಲ್ಯಾಬಿನ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಎಲ್ಲರ ಕಣ್ಣೆದುರೇ ಬಂದಿತ್ತು. ಆದರೂ ಇವರು ಬಿಡುವವರಲ್ಲ.

ಬಿಡಲಿಲ್ಲ. ಧಣಿ ಅರ್ಧ ಗಂಟೆ ಫೋನಿನಲ್ಲಿ ಕೂಗಾಡಿದ. ನಮ್ಮನ್ನೆಲ್ಲ ಶೆಡ್ಡು ಖಾಲಿ ಮಾಡಿ ನಡೀರಿ ಎಂದ. ಹನ್ನೊಂದು ಗಂಟೆಗೆ ಒಂದು ಲಾರಿ ಬಂತು. ಗೇಟಿನಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ಬರೆದ ಬೋರ್ಡಿಗೆ ಅದರ ಹಿಂಬದಿ ತಗುಲಿ ಬೋರ್ಡು ವಾಲಿತು. ಹನ್ನೆರಡು ಗಂಡಸರು ಸುತ್ತಿಗೆ ಹಿಡಿದು ಇಳಿದರು. ಬೇರೆ ಎಲ್ಲಿಂದಲೋ ಕರೆತಂದ ತಂಡ. ನಿನ್ನೆ ಏನಾಯಿತು, ಇವತ್ತು ಏನಾಯಿತು ಒಂದೂ ಅವರಿಗೆ ಗೊತ್ತಿಲ್ಲ. ನಾನು ಹಾಕದಿದ್ದರೆ ಇನ್ನೊಬ್ಬ ಹಾಕ್ತಾನೆ ಎಂದು ಇಂಜಿನಿಯರು ಅಂದಿದ್ದನಲ್ಲ, ಸುತ್ತಿಗೆಗೂ ಅದೇ ಲೆಕ್ಕ. ಇವರೂ ಯಾರೋ ಸೊಂಟದ ಮೇಲೆ ಹೊತ್ತು ಬೆಳೆಸಿದವರೇ.

ನಾನು ಶೆಡ್ಡಿಗೆ ಓಡಿ ಒಲೆಯ ಎರಡು ಕಲ್ಲು, ಪಾತ್ರೆ, ನಾಲ್ಕು ಸೌದೆ ತಂದೆ. ಕುರ್ಚಿಯ ಮುಂದೆ ಒಲೆ ಹೂಡಿದೆ. ಎರಡೇ ಕಲ್ಲಿನ ಮೇಲೆ ಪಾತ್ರೆ ನಿಲ್ಲುತ್ತಿರಲಿಲ್ಲ. ನಾನು ಅದನ್ನು ಹಿಡಿದುಕೊಂಡು ಏನು ಮಾಡುವುದೆಂದು ನೋಡುತ್ತಿದ್ದೆ. ತಮ್ಮ ಬಂದು ಕುಕ್ಕರಗಾಲಲ್ಲಿ ಕೂತ. ತನ್ನ ದೊಡ್ಡ ಸುತ್ತಿಗೆಯ ತಲೆಯನ್ನು ಪಾತ್ರೆಯಡಿ ತಳ್ಳಿ, ಎತ್ತರ ಸಾಲದೆ ಅದರ ಕೆಳಗೊಂದು ಹಲಗೆ ಚೂರು ಸೇರಿಸಿ, ಪಾತ್ರೆಯನ್ನು ಅಲ್ಲಾಡಿಸಿ ನೋಡಿದ.

"ಈಗ ವಾಲಲ್ಲ ಬಿಡು," ಎಂದ. ನಿನ್ನೆ ಸಂಜೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು. ಬೆಂಕಿ ಹಚ್ಚಿ ಕುರ್ಚಿಯ ಮೇಲೆ ಕೂತೆ. ಅವನು ನನ್ನ ಕಾಲ ಬಳಿ ಕೂತ.

ಹೊಸ ತಂಡದ ಮೇಸ್ತ್ರಿ ನರೆತ ಮೀಸೆಯವನು. ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ಒಳಗೆ ಬಂದ. ಹಿಂದಿನಿಂದ ಧಣಿ ಕೂಗುತ್ತಿದ್ದ, "ಹುಚ್ಚಿ ಅವಳು. ಕೂದಲು ಹಿಡಿದು ಆಚೆ ಎಳೆದು ಕೆಲಸ ಶುರು ಮಾಡು. ಇವತ್ತೇ ಆಗ್ಬೇಕು."

ಮೇಸ್ತ್ರಿ ನನ್ನನ್ನು ನೋಡಿದ, ಒಲೆಯಡಿಯ ಸುತ್ತಿಗೆಯನ್ನು ನೋಡಿದ. ಸುತ್ತಾಡಿ ಬಂದ ಮೂರನೇ ಕಲ್ಲು ನನ್ನ ಕಾಲ ಹತ್ತಿರ ಬಿದ್ದಿತ್ತು. ಬಗ್ಗಿ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದ. ಪುಡಿ ಉದುರಿತು. ಮುಖ ಎತ್ತಿ ಸ್ಲ್ಯಾಬು ನೋಡುವಾಗ ಹನಿಯೊಂದು ಅವನ ಹಣೆಯ ಮೇಲೆ ಬಿತ್ತು. ಒರೆಸಿಕೊಂಡ.

"ಎಷ್ಟು ದಿನದ್ದಕ್ಕಾ ಇದು?"

ಬೆಳಿಗ್ಗೆಯಿಂದ ಆಫೀಸಿನವರಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆ.

"ಎಂಟು," ಎಂದೆ.

ಅವನ ತಂಡದವರು ನೆರಳಿನ ಅಂಚಿನಲ್ಲೇ ನಿಂತರು. ಮೇಸ್ತ್ರಿ ಸುತ್ತಿಗೆಯನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಊರಿ, ಧಣಿಯ ಕಡೆ ತಿರುಗಿದ.

"ಇಲ್ಲಿ ಕುರ್ಚಿ ಒಂದೇ ಇದೆಯಲ್ಲ ಧಣಿ," ಎಂದ. "ನೀವೆಲ್ಲಿ ಕೂತ್ಕೋತೀರಿ?"